ಎಂ ಸೈಜಿನ ಬಿಳಿ ಗೌನ್

"ಅಕ್ಕಾರ ಸೈಜ್ ಎಷ್ಟ್ರೀ?"

ಲಿಂಗರಾಜ್ ಕೇಳಿದ್ದು ಇಷ್ಟೇ. ಹೊಸಪೇಟೆ ಮೇನ್ ಬಜಾರಿನ ಆ ಜವಳಿ ಅಂಗಡಿಯಲ್ಲಿ ಅವನು ದಿನಕ್ಕೆ ನೂರು ಸಲ ಕೇಳುವ ಮಾತು ಅದು. ಆದರೆ ಆ ಮಹಾರಾಯನಿಗೆ ಮೆಲ್ಲಗೆ ಮಾತಾಡುವುದು ಹುಟ್ಟಿದಾಗಿನಿಂದ ಗೊತ್ತಿದ್ದಂತಿಲ್ಲ!

ಗಾದಿಯ ಮೇಲೆ ಎರಡೂ ಮನೆಯವರು ಸೇರಿ ಹದಿನಾರು ಮಂದಿ ಕೂತಿದ್ದರು. ಮದುವೆಯ ಜವಳಿ ಅಂದರೆ ಈ ಕಡೆ ಹಾಗೆಯೇ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು, ಅತ್ತೆ, ಚಿಗವ್ವ, ಅವರ ಮಕ್ಕಳು ಎಲ್ಲ ಒಂದೇ ಅಂಗಡಿಗೆ ಬಂದು, ಬೆಳಗಿನಿಂದ ಸಂಜೆತನಕ ಕಾಲು ಮಡಚಿ ಕೂತು, ಅಂಗಡಿಯವನ ಬೆನ್ನು ಮುರಿಯುವ ತನಕ ಬಟ್ಟೆ ಬಿಚ್ಚಿಸಬೇಕು.

ಹದಿನಾರು ಮಂದಿಯ ಕಣ್ಣೂ ಒಮ್ಮೆಲೇ ಸಂಘಮಿತ್ರಾಳ ಕಡೆ ತಿರುಗಿದವು. ಮುಖಕ್ಕಲ್ಲ... ಮುಖದ ಕೆಳಗೆ.

ಅವಳು ದುಪಟ್ಟಾ ಎಳೆದುಕೊಂಡಳು. ಎಷ್ಟು ಅಂತ ಎಳೆದುಕೊಳ್ಳುತ್ತಾಳೆ ಪಾಪ, ದುಪಟ್ಟಾಕ್ಕೂ ಒಂದು ಅಗಲ ಅಂತ ಇರುತ್ತದಲ್ಲ!

ಗೋಡೆಗೆ ತೂಗುಹಾಕಿದ್ದ ಬಿಳಿ ಗೌನ್ ಅವಳೇ ಇಷ್ಟಪಟ್ಟದ್ದು. ಉದ್ದ ತೋಳು, ಕತ್ತಿನ ಸುತ್ತ ಬಿಳಿ ದಾರದ ಹೂವು, ಪಾದ ಮುಚ್ಚುವಂಥ ಅಗಲ ಘೇರು. ಬೌದ್ಧ ಪದ್ಧತಿಯ ಮದುವೆ, ಮದುಮಕ್ಕಳು ಬಿಳಿ ಉಡಬೇಕು. ಬಿಳಿ ಸೀರೆ ತೆಗೆದಿದ್ದರೆ ಸೈಜಿನ ಗೊಡವೆಯೇ ಇರುತ್ತಿರಲಿಲ್ಲ. ಆದರೆ ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳು ತನಗೆ ಬೇಕು ಅಂತ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ.

"ಇರ್ಲಿ ಬಿಡ್ರಿ, ನೋಡಿದ್ರ ತಿಳೀತೈತಲ್ಲ!" ಲಿಂಗರಾಜ್ ನಕ್ಕು, ಒಳಗಿನವರಿಗೆ ಕೇಳುವಂತೆ ಕೂಗಿದ. "ಲೇ, ಈ ಡಿಸೈನ್‌ದಾಗ ಡಬಲ್ ಎಕ್ಸೆಲ್..."

"ಎಂ!"

ಯಾರು ಅಂದದ್ದು? ಸಂಘಮಿತ್ರಾಳೇ. ತನ್ನ ದನಿ ತನಗೇ ಗುರುತು ಸಿಗದಷ್ಟು ಜೋರಾಗಿ ಬಂದಿತ್ತು.

"ಎಂ... ಅಂದ್ರ ಮೀಡಿಯಮ್ಮೇನ್ರಿ ಅಕ್ಕಾರ?"

"ಹೌದ್ರಿ. ಮೀಡಿಯಂ."

ಅವಳ ತಾಯಿ ಎರ್ರೆಮ್ಮ ಬಾಯಿ ತೆರೆದು ಮತ್ತೆ ಮುಚ್ಚಿದಳು. ಭಾವಿ ಅತ್ತೆ ಪಂಪಮ್ಮ ಕೈಲಿದ್ದ ಸೀರೆಯ ಅಂಚನ್ನು ಭಾಳ ಆಸಕ್ತಿಯಿಂದ ನೋಡತೊಡಗಿದಳು.

"ಸೂರತ್‌ನಿಂದ ಬರೋ ಮಾಲು ಐತ್ರಿ. ಒಮ್ಮೆ ಆರ್ಡರ್ ಹೋದ್ರ ವಾಪಸ್ ಇಲ್ಲ. ಇನ್ನೊಮ್ಮೆ ವಿಚಾರ ಮಾಡ್ರಿ..." ಲಿಂಗರಾಜ್ ತಲೆ ಕೆರೆದುಕೊಂಡ.

"ಅವರು ಹೇಳ್ಯಾರಲ್ಲ? ಎಂ ಬರೀರಿ."

ಮೂಲೆಯಿಂದ ಬಂದ ದನಿ ಅದು. ಹುಲುಗೇಶನದು.

ಕುರೆಕುಪ್ಪದ ಹುಡುಗ. ಸ್ಟೀಲ್ ಫ್ಯಾಕ್ಟರಿಯಲ್ಲಿ ಕ್ರೇನ್ ಆಪರೇಟರ್. ಹೆಣ್ಣು ನೋಡಲು ಬಂದ ದಿನ ಚಹಾದ ಕಪ್ಪು ತೆಗೆದುಕೊಂಡು "ಥ್ಯಾಂಕ್ಸ್ ರೀ" ಅಂದದ್ದು ಬಿಟ್ಟರೆ ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ. ಇವತ್ತೇ ಮೊದಲ ಸಲ ಅವನು ಅವಳಿಗೆ ಕಾಣುವ ಹಾಗೆ ಅವಳನ್ನು ನೆಟ್ಟಗೆ ನೋಡಿದ. ಅವಳೂ ನೋಡಿದಳು.

ಆ ಕಣ್ಣಲ್ಲಿ ಏನಿತ್ತೋ, ಅವಳಿಗೆ ತಿಳಿಯಲಿಲ್ಲ. ತಿಳಿದದ್ದು ಒಂದೇ.

*ಅಂದ್ರ... ಇವರಿಗೂ ಎಂ ಸೈಜಿನ ಹುಡುಗೀನೇ ಬೇಕು!*

---

ಸಂಘಮಿತ್ರಾಗೆ ಸುಳ್ಳು ಹೇಳುವಷ್ಟು ಸುಸ್ತು ಎಲ್ಲಿಂದ ಬಂತು ಅಂತ ಕೇಳಬೇಡಿ. ಒಂದು ದಿನದ ಸುಸ್ತಲ್ಲ ಅದು.

ಮೂರು ಸಂಬಂಧ ಬಂದು ಹೋಗಿದ್ದವು. ಸಂಡೂರಿನವರು ಉಪ್ಪಿಟ್ಟು ತಿಂದು, ಎರಡನೇ ಸಲ ಹಾಕಿಸಿಕೊಂಡು ತಿಂದು, ಮರುದಿನ ಫೋನ್ ಮಾಡಿ "ಹುಡುಗಿ ಸ್ವಲ್ಪ ದಪ್ಪ ಆತಲ್ರೀ" ಅಂದರು. ಇನ್ನೊಬ್ಬರು ಏನೂ ಹೇಳದೆ ಫೋನ್ ಎತ್ತುವುದನ್ನೇ ಬಿಟ್ಟರು. ಕಂಪ್ಲಿಯವರು ಮಾತ್ರ ಧೈರ್ಯಸ್ಥರು, ಮುಖದ ಮೇಲೆಯೇ ಕೇಳಿದರು: "ತಂಗೀನ ಕೊಡ್ತೀರೇನ್ರಿ?" ಹೋದ ವರ್ಷ ತಂಗಿ ಯಶೋಧರಾಳ ಮದುವೆ ಬೇರೆ ಕಡೆ ಆಯಿತು. ಅಕ್ಕ ಚಿತ್ತವಾಡ್ಗಿಯ ಎರಡು ಕೋಣೆಯ ಮನೆಯಲ್ಲೇ ಉಳಿದಳು.

ಕೆಲಸವಾದರೂ ಹಗುರವೇ? ವಡ್ಡು ಹತ್ತಿರದ ಅದಿರಿನ ಯಾರ್ಡಿನಲ್ಲಿ ವೇ-ಬ್ರಿಡ್ಜ್ ಆಪರೇಟರ್. ಲಾರಿ ಬಂದು ಕಬ್ಬಿಣದ ಹಲಗೆಯ ಮೇಲೆ ನಿಲ್ಲುತ್ತದೆ, ಅವಳು ಕಿಟಕಿಯ ಹಿಂದೆ ಕೂತು ತೂಕ ನೋಡಿ ಚೀಟಿ ಕೊಡುತ್ತಾಳೆ. ಖಾಲಿ ಲಾರಿ, ತುಂಬಿದ ಲಾರಿ, ಮತ್ತೆ ಖಾಲಿ ಲಾರಿ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಕೆಂಪು ಧೂಳು ಕುಡಿಯುತ್ತಾ ಕೂರುವುದು. ಡ್ರೈವರುಗಳು "ಮೇಡಂ, ನೀವೊಮ್ಮೆ ಹತ್ತಿ ನಿಲ್ರಿ ನೋಡೋಣ" ಅಂತ ಹಲ್ಲು ಕಿರಿಯುವುದು.

ಹೀಗಿರುವಾಗ ಹುಲುಗೇಶನ ಮನೆಯವರು ಬಂದು, ಒಂದು ಮಾತೂ ಎತ್ತದೆ ಒಪ್ಪಿಕೊಂಡರು. ಎರ್ರೆಮ್ಮನಿಗೆ ನಂಬಿಕೆಯೇ ಬರಲಿಲ್ಲ. ಸಂಘಮಿತ್ರಾಗಂತೂ ಭಯವೇ ಆಯಿತು. *ಸರಿಯಾಗಿ ನೋಡಿಲ್ಲೇನೋ! ನೋಡಿದ ದಿನ ಬ್ಯಾಡ ಅಂತಾರೇನೋ!*

ಜವಳಿಯ ದಿನ ಮನೆಗೆ ಬಂದ ಕೂಡಲೇ ಎರ್ರೆಮ್ಮ ಹಣೆ ಹಣೆ ಬಡಿದುಕೊಂಡಳು.

"ಎಂ ಅಂತ ಯಾಕ ಅಂದ್ಯೇ ನಮ್ಮವ್ವಾ? ನಿನ್ನ ಒಂದು ತೋಳು ಹೋಗೋದಿಲ್ಲ ಅದ್ರಾಗ!"

"ಹೋಗ್ತೈತಿ. ಇನ್ನೂ ಎರಡು ತಿಂಗ್ಳ ಐತಿ ಮದುವಿಗೆ. ಇಳಿಸ್ತೀನಿ."

"ಫೋನ್ ಮಾಡಿ ಬದಲಿ ಮಾಡ್ಸೋಣು ತಡಿ..."

"ಬ್ಯಾಡವ್ವ! ಅಷ್ಟು ಮಂದಿ ಮುಂದ ಹೇಳೀನಿ. ಈಗ ಬದಲಿ ಮಾಡಿದ್ರ ನಾನು ಸುಳ್ಳಿ ಆಗ್ತೀನಿ. ಅವರ ಮುಂದ ತಲಿ ಎತ್ತಾಕ ಆಗ್ತೈತೇನು ನನಗ?"

ಅವತ್ತಿನಿಂದ ರೊಟ್ಟಿ ನಿಂತಿತು. ಅನ್ನ ನಿಂತಿತು. ಬೆಳಿಗ್ಗೆ ನಿಂಬೆಹಣ್ಣಿನ ಬಿಸಿನೀರು, ಮಧ್ಯಾಹ್ನ ಸೌತೇಕಾಯಿ, ಸಂಜೆ ಒಂದು ಲೋಟ ಮಜ್ಜಿಗೆ. ಅಷ್ಟೇ.

ರಾತ್ರಿ ಒಂಬತ್ತಕ್ಕೆ ತಪ್ಪದೆ ಹುಲುಗೇಶನ ಮೆಸೇಜ್ ಬರುತ್ತಿತ್ತು. "ಊಟ ಆತೇನ್ರಿ?"

"ಆತ್ರಿ."

"ಏನು ಊಟ?"

ಅವಳಿಗೆ ಟೈಪ್ ಮಾಡುವಷ್ಟೂ ತ್ರಾಣ ಇರುತ್ತಿರಲಿಲ್ಲ. ಅದೂ ಅಲ್ಲದೆ... *ನಾನು ಎಷ್ಟು ತಿಂತೀನಿ ಅಂತ ಲೆಕ್ಕ ಇಡಾಕ ಹತ್ಯಾರೇನು?* ಫೋನ್ ಬೋರಲು ಹಾಕಿ ಮಲಗಿಬಿಡುತ್ತಿದ್ದಳು.

ಕುರೆಕುಪ್ಪದಲ್ಲಿ ಆ ಹುಡುಗ ಅರ್ಧ ತಾಸು ಫೋನ್ ಹಿಡಿದುಕೊಂಡು ಕಾಯುತ್ತಿದ್ದದ್ದು ಅವಳಿಗೆ ಹೇಗೆ ಗೊತ್ತಾಗಬೇಕು?

---

ಇಪ್ಪತ್ತೈದನೇ ದಿನ ಬೆಳಿಗ್ಗೆ ಒಂದು ಹುಚ್ಚು ಕೆಲಸ ಮಾಡಿದಳು.

ಲಾರಿಗಳು ಇನ್ನೂ ಬಂದಿರಲಿಲ್ಲ. ಅತ್ತಿತ್ತ ನೋಡಿ, ಚಪ್ಪಲಿ ಬಿಟ್ಟು, ಆ ಐವತ್ತು ಟನ್ನಿನ ವೇ-ಬ್ರಿಡ್ಜ್ ಮೇಲೆ ತಾನೇ ಹೋಗಿ ನಿಂತಳು! ಮೊದಲ ವಾರ ಹೀಗೇ ಕದ್ದು ನಿಂತಾಗ ಕಿಟಕಿಯೊಳಗಿನ ಬೋರ್ಡು "80" ತೋರಿಸಿತ್ತು. ಇವತ್ತು ಕತ್ತು ಉದ್ದ ಮಾಡಿ ನೋಡುತ್ತಾಳೆ... "60"!

"ಅಯ್ಯವ್ವಾ!" ಅವಳು ಬಾಯಿ ಮುಚ್ಚಿಕೊಂಡಳು.

ಆ ಯಂತ್ರಕ್ಕೆ ಇಪ್ಪತ್ತು ಕೆಜಿಯೊಳಗಿನ ಲೆಕ್ಕವೇ ತಿಳಿಯುವುದಿಲ್ಲ. ಎಪ್ಪತ್ತರ ಮೇಲಿದ್ದರೆ ಎಂಬತ್ತು ಅನ್ನುತ್ತದೆ, ಎಪ್ಪತ್ತಕ್ಕಿಂತ ಒಂದು ಗುಲಗಂಜಿ ಕಡಿಮೆಯಾದರೂ ಅರವತ್ತು ಅನ್ನುತ್ತದೆ. ಆರು ವರ್ಷದಿಂದ ಅದರ ಮುಂದೆಯೇ ಕೂತವಳಿಗೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಆದರೂ ಅವಳು ಅಲ್ಲೇ ನಿಂತು ಅತ್ತಳು, ಖುಷಿಯಿಂದ. ಖಾಲಿ ಹೊಟ್ಟೆಯವರಿಗೆ ಅಳು ಭಾಳ ಜಲ್ದಿ ಬರುತ್ತದೆ.

ಮೊದಲ ಲಾರಿ ತಂದ ಓಬಳಪ್ಪ ಇಳಿದು ಬಂದು ಅವಳ ಮುಖ ನೋಡಿದ. ಮೂವತ್ತು ವರ್ಷದಿಂದ ಲಾರಿ ಹೊಡೆಯುವ ಹಿರಿಯ ಮನುಷ್ಯ, ಹಲ್ಲು ಕಿರಿಯುವವರ ಪೈಕಿ ಅಲ್ಲ.

"ಯವ್ವಾ, ಮೈಯಾಗ ಹುಷಾರ್ ಐತೋ ಇಲ್ಲೋ? ಕಣ್ಣು ಒಳಗ ಹೋಗ್ಯಾವು."

"ಮದುವಿ ಐತಲ್ರೀ ಕಾಕಾ. ಅದಕ್ಕ."

"ಮದುವಿ ಅಂದ್ರ ಮಾರಿ ಮ್ಯಾಲ ಕಳೆ ಬರ್ಬೇಕವ್ವಾ... ನಿಂದು ಹೊಂಟೈತಲ್ಲ!"

ಅವಳು ಚೀಟಿ ಹರಿದು ಕೊಟ್ಟು ತಲೆ ತಗ್ಗಿಸಿದಳು.

---

ಆ ಭಾನುವಾರ ಹುಲುಗೇಶ್ ಬೈಕ್ ತಂದ. ಹಂಪಿಗೆ ಹೋಗಿ ಬರೋಣ ಅಂದ. ಮಾರೆಪ್ಪನೇ, ಅಂದರೆ ಅವಳ ಅಪ್ಪನೇ, "ಹೋಗಿ ಬಾ ಮಗಳ, ನಾಲ್ಕು ಮಾತಾಡ್ಕೊಳ್ರಿ" ಅಂತ ಕಳಿಸಿದ.

ಹೇಮಕೂಟದ ಬಂಡೆ ಹತ್ತುವಾಗ ಅವಳಿಗೆ ಕಣ್ಣಿಗೆ ಕತ್ತಲು ಬಂತು. ಒಂದು ಕಂಬ ಹಿಡಿದು ನಿಂತಳು. ಮುಂದೆ ಹೋಗಿದ್ದವನು ಓಡಿ ಬಂದ.

"ಸುಸ್ತಾತೇನ್ರಿ? ಕುಂದ್ರಿ, ಕುಂದ್ರಿ."

*ಸುಸ್ತಾತೇನ್ರಿ!* ದಪ್ಪಗಿದ್ದವರಿಗೆ ಮೆಟ್ಟಿಲು ಕಂಡಲ್ಲೆಲ್ಲ ಜನ ಕೇಳುವ ಮಾತು. ಅವಳಿಗೆ ಉರಿದುಹೋಯಿತು.

"ನನ್ನಂಥೋರಿಗೆ ಗುಡ್ಡ ಹತ್ತಾಕ ಆಗೋದಿಲ್ರಿ. ನಿಮಗ ಗೊತ್ತಿಲ್ಲೇನು?"

"ಹಂಗಲ್ರೀ, ನಾ ಅಂದಿದ್ದು..."

ಅವನ ಮುಖ ಸಣ್ಣದಾಯಿತು. ಬ್ಯಾಗಿನಿಂದ ಸ್ಟೀಲ್ ಡಬ್ಬಿ ತೆಗೆದು, ತಪ್ಪು ಮಾಡಿದವನ ಹಾಗೆ ಮುಂದೆ ಹಿಡಿದ. "ಅವ್ವ ನಿಮಗಂತ ಶೇಂಗಾ ಹೋಳಿಗಿ ಮಾಡಿ ಕೊಟ್ಟಾಳ. ಒಂದು ತಿನ್ರಿ."

ಬೆಲ್ಲದ ವಾಸನೆ ಮೂಗಿಗೆ ಬಡಿಯಿತು. ಒಂದು ಹೋಳಿಗೆ! ಒಂದು ತಿಂದರೆ ಏನಾಗುತ್ತದೆ? ಆದರೆ ಕಣ್ಣ ಮುಂದೆ ಆ ಗೌನ್ ಬಂತು. ಅದರ ಹಿಂದೆ ಹದಿನಾರು ಮಂದಿ ಬಂದರು.

"ಹಸಿವಿಲ್ರಿ."

"ಒಂದು ತುತ್ತು..."

"ಬ್ಯಾಡ ಅಂದ್ನೆಲ್ರೀ!"

ಹುಲುಗೇಶ್ ಡಬ್ಬಿ ಮುಚ್ಚಿದ. ಆಮೇಲೆ ಭಾಳ ಮೆಲ್ಲಗೆ ಕೇಳಿದ.

"ಈ ಮದುವಿ ನಿಮ್ಮ ಮನಸ್ಸಿಗೆ ಬಂದಿಲ್ದಿದ್ರ ಈಗ್ಲೇ ಹೇಳ್ಬಿಡ್ರಿ. ನಾ ಏನೂ ಬ್ಯಾಸರ ಮಾಡ್ಕೊಳ್ಳೋದಿಲ್ಲ."

ಅವಳಿಗೆ ಕೇಳಿಸಿದ್ದು ಮಾತ್ರ ಬೇರೆಯೇ. *ಬಿಡಿಸ್ಕೊಳ್ಳಾಕ ದಾರಿ ಹುಡುಕಾಕ ಹತ್ಯಾರ. ನನ್ನ ಬಾಯಿಂದಾನೇ ಬ್ಯಾಡ ಅನ್ಸಾಕ!*

"ಹೊತ್ತಾತ್ರಿ. ಮನಿಗೆ ಹೋಗೋಣು" ಅಂದಳು.

ಇಬ್ಬರೂ ಇಳಿದು ಬಂದರು. ಬೈಕಿನ ಮೇಲೆ ಇಬ್ಬರ ನಡುವೆ ಆ ಡಬ್ಬಿ ಇತ್ತು. ಅವತ್ತಿನಿಂದ ಒಂಬತ್ತು ಗಂಟೆಯ ಮೆಸೇಜು ನಿಂತುಹೋಯಿತು.

ನಿಂತರೆ ನೆಮ್ಮದಿಯಾಗಬೇಕಿತ್ತಲ್ಲವೇ ಅವಳಿಗೆ? ಆಗಲಿಲ್ಲ ನೋಡಿ. ಒಂಬತ್ತಾಯಿತು ಅಂದರೆ ಫೋನ್ ನೋಡುತ್ತಿದ್ದಳು. ಒಂಬತ್ತೂಕಾಲಿಗೆ ಇನ್ನೊಮ್ಮೆ. ಆ ಹಾಳು ಹುಡುಗನ ಮೇಲೆ ಮನಸ್ಸಾಗಿದೆ ಅಂತ ಅವಳಿಗೆ ಗೊತ್ತಾದದ್ದು ಆಗಲೇ.

---

ನಲವತ್ತೆರಡನೇ ದಿನ ಗೌನ್ ಬಂತು. ಮದುವೆಗೆ ಇನ್ನು ಹದಿನೆಂಟೇ ದಿನ.

ಅಂಗಡಿಯಿಂದ ಡಬ್ಬವನ್ನು ಮನೆಗೆ ತಂದವನು ಮಾರೆಪ್ಪ. ಸಂಘಮಿತ್ರಾಗೆ ಅವತ್ತು ರಜೆ. ಒಳಕೋಣೆಯ ಬಾಗಿಲು ಹಾಕಿಕೊಂಡು ತಾಯಿ ಮಗಳು ಇಬ್ಬರೇ ನಿಂತರು.

ಗೌನ್ ತಲೆಯ ಮೇಲಿಂದ ಇಳಿಯಿತು. ತೋಳು ಹೋದವು. ಎರ್ರೆಮ್ಮ ಹಿಂದೆ ನಿಂತು ಉಸಿರು ಬಿಗಿಹಿಡಿದು ಜಿಪ್ ಎಳೆದಳು.

ಸರ್ರ್... ಒಂದೇ ಎಳೆತಕ್ಕೆ ಮೇಲೆ!

"ಆತಲ್ಲೇ ನಮ್ಮವ್ವಾ! ಆತು!" ಎರ್ರೆಮ್ಮ ಮಗಳನ್ನು ಹಿಂದಿನಿಂದಲೇ ತಬ್ಬಿಕೊಂಡಳು. "ಎಂ ಸೈಜು ಆತು ನನ ಮಗಳಿಗೆ!"

ಸಂಘಮಿತ್ರಾ ಕನ್ನಡಿಯ ಕಡೆ ತಿರುಗಿದಳು. ಕಣ್ಣು ತುಂಬಿ ಬಂತು. ಗೆದ್ದೆ! ಹಸಿದದ್ದು ಸಾರ್ಥಕ ಆಯಿತು!

ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದಳು.

ಭುಜ ಜಾರಿತ್ತು. ಸೊಂಟದ ಹತ್ತಿರ ಕೈ ಹಾಕಿದರೆ ಎರಡು ಹಿಡಿ ಬಟ್ಟೆ ಸಿಕ್ಕಿತು. ಎದೆಯ ಮೇಲೆ ಬಟ್ಟೆ ನೆರಿಗೆ ಬಿದ್ದು ಜೋತಾಡುತ್ತಿತ್ತು.

"ಅವ್ವ... ಇದು ಸಡ್ಲ ಐತಿ."

"ಐತಲ್ಲ, ಚಲೋ ಆತು!"

"ಎಂ ಸೈಜು ನನಗ ಸಡ್ಲ ಹೆಂಗಾಗ್ತೈತವ್ವ?"

ಹುಚ್ಚಳ ಹಾಗೆ ಗೌನ್ ಬಿಚ್ಚಿದಳು. ತನ್ನ ಹಳೆಯ ಡಬಲ್ ಎಕ್ಸೆಲ್ ಕುರ್ತಾ ತಂದು ಅದರ ಮೇಲೆ ಹಾಸಿದಳು. ಭುಜಕ್ಕೆ ಭುಜ, ಸೊಂಟಕ್ಕೆ ಸೊಂಟ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಕತ್ತಿನ ಒಳಗೆ ನೋಡಿದಳು. "M" ಅಂತ ಒಂದು ಪಟ್ಟಿ. ಅದನ್ನು ಕೈಯಲ್ಲಿ ಹೊಲಿದಿದ್ದರು. ಅದರ ಕೆಳಗೆ ಕತ್ತರಿಸಿ ತೆಗೆದ ಹಳೆಯ ಪಟ್ಟಿಯ ತುದಿ ಇನ್ನೂ ಹೊಲಿಗೆಯಲ್ಲಿ ಸಿಕ್ಕಿಕೊಂಡಿತ್ತು.

ಅಂಗಡಿಗೆ ಫೋನ್ ಹಚ್ಚಿದಳು. ಲಿಂಗರಾಜನ ದನಿ ಫೋನಿನಲ್ಲೂ ಅಷ್ಟೇ ಜೋರು.

"ಅಕ್ಕಾರ ನಮಸ್ಕಾರ್ರೀ! ಹುಲುಗೇಶಣ್ಣಾರು ಅವತ್ತ ಸಂಜಿನ ವಾಪಸ್ ಬಂದು ಡಬಲ್ ಎಕ್ಸೆಲ್ ಬರ್ಸಿ ಹೋದ್ರು. ಒಳಗಿನ ಚೀಟಿ ಎಂ ಅಂತ ಬದಲಿ ಮಾಡಿಕೊಡ್ರಿ, ಅವರಿಗೆ ಹೇಳಬ್ಯಾಡ್ರಿ ಅಂದಿದ್ರು... ಅಯ್ಯೋ! ಹೇಳಬ್ಯಾಡ ಅಂದಿದ್ರಲ್ಲ! ಯಾಕ್ರೀ, ಬಿಗಿ ಆತೇನ್ರಿ?"

ಅವಳು ಫೋನ್ ಇಟ್ಟಳು.

ನೆಲದ ಮೇಲೆ ಕುಸಿದು ಕೂತಳು. ಗೊತ್ತಿತ್ತು ಅವನಿಗೆ! ಮೊದಲ ದಿನದಿಂದ ಗೊತ್ತಿತ್ತು. ಅವಳ ಸುಳ್ಳು ಗೊತ್ತಿತ್ತು, ಅಂಗಡಿಯವನಿಗೂ ಗೊತ್ತಿತ್ತು. ಎಲ್ಲರೂ ಸೇರಿ ಸಣ್ಣ ಕೂಸನ್ನು ರಮಿಸಿದ ಹಾಗೆ ಅವಳನ್ನು ರಮಿಸಿದ್ದರು.

"ಸಾಕವ್ವ. ನನಗ ಸಾಕಾಗೈತಿ" ಅಂದಳು. ಅಳಲೂ ಇಲ್ಲ.

ಗೌನ್ ಮಡಚಿ ಡಬ್ಬದಲ್ಲಿಟ್ಟು ಎದ್ದಳು. "ಕುರೆಕುಪ್ಪಕ್ಕ ಹೋಗಿ ಕೊಟ್ಟು ಬರ್ತೀನಿ. ಈ ಮದುವಿ ಬ್ಯಾಡ ನನಗ."

"ಲೇ ಸಂಘೀ! ಅಪ್ಪಗ ಏನು ಹೇಳ್ಲೇ ನಾನು?"

ಅವಳು ಆಗಲೇ ಬೀದಿ ದಾಟಿ ಬಸ್‌ಸ್ಟ್ಯಾಂಡಿಗೆ ಹೋಗುವ ಆಟೋಗೆ ಕೈ ಮಾಡಿದ್ದಳು.

---

ಪಂಪಮ್ಮ ಬಾಗಿಲಲ್ಲೇ ಕೂತು ಶೇಂಗಾ ಬಿಡಿಸುತ್ತಿದ್ದಳು. ಬಸ್ಸಿಳಿದು, ಬಿಸಿಲಲ್ಲಿ ಡಬ್ಬ ಅವುಚಿಕೊಂಡು ಬಂದ ಭಾವಿ ಸೊಸೆಯನ್ನು ಕಂಡು ಎದ್ದು ನಿಂತಳು.

"ಅಯ್ಯ ನನ ಮಗಳ! ಒಬ್ಬಾಕೀನ ಬಂದ್ಯೇನು? ಏನಿದು, ಹಿಂಗ ಸೊರಗಿ ಕಡ್ಡಿ ಆಗೀದಿ? ಬಾ, ಒಳಗ ಬಾ."

"ಕುಂದ್ರೋದಿಲ್ರಿ ಅತ್ತಿ. ಇದನ್ನ ಕೊಟ್ಟು ಹೋಗಾಕ ಬಂದೀನಿ."

ಪಂಪಮ್ಮ ಡಬ್ಬ ನೋಡಿದಳು, ಮುಖ ನೋಡಿದಳು. ಕೈಲಿದ್ದ ಶೇಂಗಾ ಮೊರಕ್ಕೆ ಬಿಟ್ಟಳು.

"ಅಂದ್ರ ಅಂವ ಹೇಳಿದ್ದು ಖರೇನ ಆತು" ಅಂದಳು ಸೋತ ದನಿಯಲ್ಲಿ. "ಹದಿನೈದು ದಿನದಿಂದ ಹೇಳಾಕ ಹತ್ಯಾನ. 'ಅವ್ವ, ಅಕಿಗೆ ನಾನು ಸೇರಿಲ್ಲ. ಕೊಟ್ಟಿದ್ದು ತಿನ್ನೋದಿಲ್ಲ, ಕೇಳಿದ್ರ ಮಾತಾಡೋದಿಲ್ಲ' ಅಂತ. ಅಂವಂದೂ ಊಟ ಅಷ್ಟಕ್ಕಷ್ಟ ಆಗೈತಿ."

"ಯಾರಿಗೆ ಯಾರು ಸೇರಿಲ್ರೀ ಅತ್ತಿ?"

ಸಂಘಮಿತ್ರಾ ಕೇಳಿದ್ದೇನೋ ಜೋರಾಗಿಯೇ. ಆದರೆ ಉತ್ತರ ಬರುವ ಮೊದಲೇ ಹಿಂದೆ ಬೈಕ್ ನಿಂತ ಸದ್ದಾಯಿತು.

ಹುಲುಗೇಶ್. ಮೊದಲ ಶಿಫ್ಟ್ ಮುಗಿಸಿ ಬಂದಿದ್ದ. ಹೆಲ್ಮೆಟ್ಟಿನ ಗುರುತು ಹಣೆಯ ಮೇಲೆ ಹಾಗೇ ಇತ್ತು, ಮೈಯೆಲ್ಲ ಧೂಳು. ಅವಳನ್ನೂ ಡಬ್ಬವನ್ನೂ ನೋಡಿ ಅಲ್ಲೇ ನಿಂತುಬಿಟ್ಟ.

"ಇದರ ಒಳಗಿನ ಚೀಟಿ ಯಾರು ಬದಲಿ ಮಾಡ್ಸಿದ್ದು?" ಅವಳು ಕೇಳಿದಳು.

ಅವನು ಕೈಲಿದ್ದ ಹೆಲ್ಮೆಟ್ಟನ್ನು ತಿರುಗಿಸತೊಡಗಿದ.

"ಹೇಳ್ರಿ! ನನ್ನ ಮ್ಯಾಲ ಕನಿಕರ ಬಂತೇನು? ಪಾಪ, ದಪ್ಪ ಹುಡುಗಿ, ಸುಳ್ಳು ಹೇಳ್ಯಾಳ, ಹೇಳ್ಕೊಳ್ಲಿ ಅಂತ?"

"ಕನಿಕರ ಅಲ್ರೀ."

"ಮತ್ತೇನು?"

"ಅಂಗಡಿಯಂವ ಹಂಗ ಒದರಿದಾಗ ನಾ ನಿಮ್ಮನ್ನ ನೋಡಿದೆ. ದುಪಟ್ಟಾದ ತುದಿ ಹಿಡ್ಕೊಂಡಿದ್ರಿ..." ಅವನು ತಡವರಿಸಿದ. "ನನಗ ನೋಡಾಕ ಆಗಲಿಲ್ಲ. ಅಷ್ಟು ಮಂದಿ ಮುಂದ ನಿಮ್ಮ ಮಾತು ಬೀಳಬಾರ್ದು ಅನ್ನಿಸ್ತು, ಅದಕ್ಕ ಎಂ ಬರೀರಿ ಅಂದೆ. ಸಂಜಿಗೆ ಹೋಗಿ ನಿಮಗ ಆಗೋದನ್ನ ಬರ್ಸಿದೆ. ಮದುವಿ ದಿನ ಜಿಪ್ ಹತ್ತಲಿಲ್ಲಂದ್ರ ನೀವು ಅಳ್ತೀರಿ, ಅಳಬಾರ್ದು ಅಂತ. ಚೀಟಿ ನೋಡಿದ್ರ ನಿಮಗ ಸಮಾಧಾನ ಆಗ್ತೈತಿ ಅಂತ. ಅಷ್ಟರೀ."

"ಅಷ್ಟರೀ?" ಈಗ ಅವಳ ಕಣ್ಣಲ್ಲಿ ನೀರು ಬಂತು. "ಅಷ್ಟು ತಿಳಿದೋರು ನನಗ ಒಂದು ಮಾತು ಹೇಳಬೇಕಿತ್ತಲ್ರೀ! ಒಂದ ಒಂದು ಮಾತು! ಆ ಸುಡುಗಾಡು ಎಂ ಆಗಬೇಕಂತ ನಲವತ್ತೆರಡು ದಿನ ನಾನು ರೊಟ್ಟಿ ಮುಟ್ಟಿಲ್ಲ!"

ಹುಲುಗೇಶನ ಕೈಲಿದ್ದ ಹೆಲ್ಮೆಟ್ ಜಾರಿ ಬಿತ್ತು.

"ಏನಂದ್ರಿ?"

"ಸೌತಿಕಾಯಿ ತಿಂದು ಹನ್ನೆರಡು ತಾಸು ಕೂತೀನಿ. ಹಂಪ್ಯಾಗ ಕಣ್ಣು ಕತ್ತಲಿ ಬಂದಿದ್ದು ಗುಡ್ಡಕ್ಕಲ್ಲ, ಹಸಿವಿಗೆ. ನಿಮ್ಮವ್ವ ಕೊಟ್ಟ ಹೋಳಿಗಿ ಬ್ಯಾಡ ಅಂದು ಮನಿಗೆ ಹೋಗಿ ದಿಂಬಿಗೆ ಬಾಯಿ ಒತ್ತಿ ಅತ್ತೀನಿ. ನಿಮಗ ಎಂ ಸೈಜಿನ ಹುಡುಗಿ ಬೇಕು ಅನ್ಕೊಂಡಿದ್ದೆ ನಾನು!"

"ಅಯ್ಯೋ ಶಿವನ..." ಅವನು ಕಟ್ಟೆಯ ಮೇಲೆ ಕುಸಿದು ಕೂತ. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ನಾನು... ನಿಮಗ ನಾನು ಬ್ಯಾಡಂತ ತಿಳ್ದು... ದಿನಾ ಆ ಫೋನ್ ನೋಡ್ಕೊಂತ..."

ಐವತ್ತಡಿ ಎತ್ತರದಲ್ಲಿ ಕೂತು ಕೆಂಡದಂಥ ಕಬ್ಬಿಣ ಎತ್ತುವ ಗಂಡಸು, ಅವ್ವನ ಮುಂದೆ, ಬೀದಿಯ ಮುಂದೆ ಅಳುತ್ತಿದ್ದ.

ಸಂಘಮಿತ್ರಾಳ ಸಿಟ್ಟು ಎಲ್ಲಿ ಹೋಯಿತೋ! ಇಷ್ಟು ದಿನ ತನ್ನೊಬ್ಬಳದೇ ಸುಸ್ತು ಅಂದುಕೊಂಡಿದ್ದಳು. ಎದುರಿಗಿದ್ದವನೂ ಅಷ್ಟೇ ಸುಸ್ತಾಗಿದ್ದ.

ಅವಳೂ ಕಟ್ಟೆಯ ಮೇಲೆ ಕೂತಳು. ಸ್ವಲ್ಪ ದೂರದಲ್ಲಿ.

"ಮದುವಿ ದಿನ ನಾವಿಬ್ರೂ ನಿಂತು ಪಂಚಶೀಲ ಹೇಳ್ಬೇಕು" ಅಂದಳು. "ಸುಳ್ಳು ಹೇಳೋದಿಲ್ಲ ಅಂತ ಅದ್ರಾಗ ಒಂದು ಬರ್ತೈತಿ. ಸುಳ್ಳು ಚೀಟಿ ಕತ್ತಿಗೆ ಹಾಕ್ಕೊಂಡು ಅದನ್ನ ಹೆಂಗ್ ಹೇಳ್ಲಿ ನಾನು?"

"ತಪ್ಪಾತ್ರಿ. ಕೇಳದ ಮಾಡಿದ್ದು ನಂದ ತಪ್ಪು."

"ಮೊದಲು ಸುಳ್ಳು ಹೇಳಿದಾಕಿ ನಾನು." ಅವಳು ಉಸಿರು ಬಿಟ್ಟಳು. "ಕೇಳ್ರಿ ಇಲ್ಲಿ. ನಾ ಡಬಲ್ ಎಕ್ಸೆಲ್. ಅವತ್ತ ಎಪ್ಪತ್ತೆಂಟು ಕೆಜಿ ಇದ್ದೆ. ನನಗ ರೊಟ್ಟಿ ಅಂದ್ರ ಪ್ರಾಣ. ಇನ್ನ ಮುಂದನೂ ಹಿಂಗ ಇರ್ತೀನಿ. ನಾಳೆ ಯಾರಾರ ಏನಾರ ಅಂದ್ರ..."

"ಅಂದೋರ ಮುಂದ ನಾನೂ ಇರ್ತೀನಲ್ರೀ." ಅವನು ಮುಖ ಎತ್ತಿದ. ಧೂಳಿನ ಮೇಲೆ ಕಣ್ಣೀರಿನ ಗೆರೆ. "ನಾನು ಹೆಣ್ಣು ನೋಡಾಕ ಬಂದಾಗ ಚೆಂದಾಗೇ ನೋಡೀನಿ ನಿಮ್ಮನ್ನ. ಇಷ್ಟಪಟ್ಟ ಒಪ್ಪೀನಿ. ಒಂದು ಕೆಜಿ ಕಮ್ಮಿ ಬೇಕಂತ ಯಾವತ್ತೂ ಅನ್ಕೊಂಡಿಲ್ಲ."

ಯಾರೂ ಇದುವರೆಗೆ ಅವಳಿಗೆ ಆ ಮಾತು ಹೇಳಿರಲಿಲ್ಲ.

ಪಂಪಮ್ಮ ಯಾವಾಗಲೋ ಒಳಗೆ ಹೋಗಿದ್ದಳು. ಒಲೆಯ ಕಡೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿ ಬಂತು. ಸ್ವಲ್ಪ ಹೊತ್ತಿಗೆ ಎರಡು ತಾಟು ತಂದು ಕಟ್ಟೆಯ ಮೇಲೆಯೇ ಇಟ್ಟಳು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು.

"ಮದುವಿ ಮಾಡ್ಕೊಳ್ರಿ, ಬಿಡ್ರಿ. ಮೊದಲು ಇಬ್ರೂ ಉಣ್ರಿ" ಅಂದು ಒಳಗೆ ನಡೆದಳು.

ಸಂಘಮಿತ್ರಾ ಮೊದಲ ತುತ್ತು ಮುರಿದಳು. ಬಾಯಿಗಿಟ್ಟಳು. ಕಣ್ಣು ಮುಚ್ಚಿಕೊಂಡಳು. ಅವಳು ಉಣ್ಣುವುದನ್ನು ಹುಲುಗೇಶ್ ನೋಡುತ್ತಿದ್ದ, ಆದರೂ ಅವಳಿಗೆ ದುಪಟ್ಟಾ ಎಳೆದುಕೊಳ್ಳಬೇಕು ಅನ್ನಿಸಲಿಲ್ಲ. ಒಂದು ರೊಟ್ಟಿ ಮುಗಿಯಿತು. ಎರಡನೆಯದೂ ಮುಗಿಯಿತು.

"ಅತ್ತಿ... ಇನ್ನೊಂದು ಹಾಕ್ರಿ" ಅಂತ ಒಳಗಿನವರಿಗೆ ಕೇಳುವಂತೆ ಕೂಗಿದಳು.

ಹುಲುಗೇಶ್ ಹೆದರುತ್ತಾ ಹೆದರುತ್ತಾ ಕೇಳಿದ. "ಅಂದ್ರ... ಆ ಡಬ್ಬ ವಾಪಸ್ ಒಯ್ತೀರೇನ್ರಿ?"

"ಒಯ್ತೀನಿ. ಆದ್ರ ಆ ಎಂ ಚೀಟಿ ನೀವ ಕತ್ತರಿಸ್ಬೇಕು. ಈಗ, ನನ್ನ ಮುಂದ."

ಅವನು ಓಡಿ ಹೋಗಿ ಕತ್ತರಿ ತಂದ. ಕೈ ತೊಳೆದು, ಒರೆಸಿಕೊಂಡು, ಬಿಳಿ ಬಟ್ಟೆಗೆ ಧೂಳು ತಾಗದ ಹಾಗೆ ಕತ್ತಿನ ಒಳಗಿನ ದಾರವನ್ನು ಒಂದೊಂದಾಗಿ ಬಿಡಿಸಿದ. ಆ ಸಣ್ಣ ಪಟ್ಟಿ ಕಳಚಿ ಅವನ ಅಂಗೈಗೆ ಬಿತ್ತು.

"ಭಾಳ ಸೊರಗೀರಿ. ಗೌನ್ ಸಡ್ಲ ಆಗಿರಬೇಕಲ್ರೀ..." ಅವನು ಗೌನಿನ ಸೊಂಟ ಹಿಡಿದು ತೋರಿಸಿದ. "ಟೇಲರ್ ಕಡೆ ಒಯ್ದು ಹಿಡಿಸೋಣೇನು?"

ಸಂಘಮಿತ್ರಾ ತಲೆ ಅಲ್ಲಾಡಿಸಿದಳು. ಬಾಯಿ ತುಂಬ ರೊಟ್ಟಿ ಇತ್ತು. ನುಂಗಿ, ಮೊದಲ ಸಲ ಅವನನ್ನು ನೋಡಿ ನಕ್ಕಳು.

"ಬ್ಯಾಡ್ರೀ. ಹಂಗ ಇರ್ಲಿ. ಇನ್ನೂ ಹದಿನೆಂಟು ದಿನ ಐತಲ್ಲ... ತುಂಬ್ತೀನಿ."